‘ಅರ್ಥವಾಯ್ತಾ?’ ಎಂದು ಕೇಳಿದರೆ ಸಾಲದು

ಹೆದ್ದಾರಿಯಲ್ಲಿ ಸರಕು ತುಂಬಿದ ಲಾರಿಯೊಂದು ಎದುರಿನಿಂದ ಬಂದ ಪುಟ್ಟ ಕಾರಿಗೆ ಡಿಕ್ಕಿ ಹೊಡೆಯುತ್ತದೆ. ಲಾರಿ ಕಾರಿನ ಮೇಲೆ ಹಾಕಿದ ಬಲ ಹೆಚ್ಚೋ, ಕಾರು ಲಾರಿಯ ಮೇಲೆ ಹಾಕಿದ ಬಲ ಹೆಚ್ಚೋ? ನ್ಯೂಟನ್ನನ ಮೂರನೇ ನಿಯಮ ಹೈಸ್ಕೂಲು ದಾಟಿದವರಿಗೆಲ್ಲ ಬಾಯಿಪಾಠ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇದ್ದೇ ಇರುತ್ತದೆ ಎಂದು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು ಎರಡು ಅಂಕ ಗಳಿಸಿದವರೇ ಎಲ್ಲರೂ. ಆದರೆ ಲಾರಿ-ಕಾರಿನ ಮಾತು ಬಂದ ಕೂಡಲೇ ಮನಸ್ಸು ಲಾರಿಯ ಕಡೆಗೆ ವಾಲುತ್ತದೆ. ನುಜ್ಜುಗುಜ್ಜಾಗುವುದು ಕಾರು ತಾನೆ? ನಿಜಕ್ಕೂ ಎರಡೂ ಬಲ ಸಮ. ಕಾರಿನ ದ್ರವ್ಯರಾಶಿ ಕಡಿಮೆ ಇರುವುದರಿಂದ ಅಷ್ಟೇ ಬಲ ಅದರ ವೇಗವನ್ನು ಹೆಚ್ಚು ಬದಲಿಸುತ್ತದೆ, ಅಷ್ಟೆ. ನಿಯಮ ಬಾಯಲ್ಲಿರುವುದು ಬೇರೆ, ಲೋಕವನ್ನು ಅದರ ಮೂಲಕ ನೋಡುವುದು ಬೇರೆ. ಕಾಲೇಜು ಪಾಠ ಎಡವುವುದು ಈ ಎರಡರ ನಡುವಿನ ಜಾಗದಲ್ಲಿ.

ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೆನೆಸ್ ಆ ಜಾಗವನ್ನು ಅಳೆಯಲು ಹೊರಟರು. ಸೂತ್ರ ಬೇಡದ, ಲೆಕ್ಕ ಬೇಡದ, ಬರೀ ಯೋಚನೆ ಬೇಡುವ ಪ್ರಶ್ನೆಗಳನ್ನು ಜೋಡಿಸಿ ಕೋರ್ಸಿನ ಮೊದಲಿಗೊಮ್ಮೆ, ಮುಗಿದ ಮೇಲೊಮ್ಮೆ ವಿದ್ಯಾರ್ಥಿಗಳಿಗೆ ಕೊಟ್ಟರು. 1985ರಲ್ಲಿ ಪ್ರಕಟವಾದ ಫಲಿತಾಂಶ ಕಸಿವಿಸಿ ಹುಟ್ಟಿಸುವಂಥದ್ದು. ಒಂದೇ ವಿಷಯವನ್ನು ನಾಲ್ವರು ಅಧ್ಯಾಪಕರು ನಾಲ್ಕು ರೀತಿಯಲ್ಲಿ ಕಲಿಸಿದ್ದರು. ಒಬ್ಬರ ಒತ್ತು ಪರಿಕಲ್ಪನೆಗಳ ಮೇಲೆ, ಇನ್ನೊಬ್ಬರದು ಪ್ರಾತ್ಯಕ್ಷಿಕೆಗಳ ಮೇಲೆ, ಮತ್ತೊಬ್ಬರದು ಲೆಕ್ಕ ಬಿಡಿಸುವುದರ ಮೇಲೆ. ನಾಲ್ಕನೆಯವರು ಹೊಸಬರು, ಪುಸ್ತಕ ಹಿಡಿದುಕೊಂಡೇ ನಡೆದವರು. ನಾಲ್ಕೂ ತರಗತಿಗಳ ಪ್ರಗತಿ ಹೆಚ್ಚುಕಡಿಮೆ ಒಂದೇ, ಅದೂ ಅಲ್ಪ. ಈ ಪ್ರಶ್ನೆಗಳೇ ಮುಂದೆ ಬೆಳೆದು 1992ರಲ್ಲಿ ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಎಂಬ ಹೆಸರಿನ ಪರೀಕ್ಷೆಯಾದವು. ಇದರ ತಪ್ಪು ಆಯ್ಕೆಗಳನ್ನು ಸುಮ್ಮನೆ ಕಲ್ಪಿಸಿ ಬರೆದಿದ್ದಲ್ಲ. ವಿದ್ಯಾರ್ಥಿಗಳು ನಿಜವಾಗಿ ಹೇಗೆ ತಪ್ಪಾಗಿ ಯೋಚಿಸುತ್ತಾರೆ ಎಂದು ಅವರ ಬಾಯಿಂದಲೇ ಕೇಳಿ ತಿಳಿದು ಹೆಣೆದದ್ದು. ಈ ಪರೀಕ್ಷೆಯ ಜಾಣತನವೆಲ್ಲ ಅಲ್ಲಿದೆ.

1990ರಲ್ಲಿ, ಆ ಪರೀಕ್ಷೆ ಈ ಹೆಸರು ಪಡೆಯುವ ಮೊದಲೇ, ಹಲ್ಲೂನ್ ಮತ್ತು ಹೆಸ್ಟೆನೆಸ್ ಅವರ ಲೇಖನಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಅವರ ಕಣ್ಣಿಗೆ ಬಿದ್ದವು. ನೆದರ್ಲೆಂಡ್ಸ್ ಮೂಲದ ಈ ಭೌತವಿಜ್ಞಾನಿ ಆ ಹೊತ್ತಿಗೆ ಆರು ವರ್ಷಗಳಿಂದ ಅಲ್ಲಿ ಪಾಠ ಮಾಡುತ್ತಿದ್ದರು. ಮುಂದೆ ವೈದ್ಯಕೀಯ ಓದಲಿರುವ ವಿದ್ಯಾರ್ಥಿಗಳಿಗೆ ಭೌತವಿಜ್ಞಾನ ಕಲಿಸುವುದು ಸುಲಭವಲ್ಲ. ಆದರೂ ಮಜೂರ್ ಅವರಿಗೆ ವಿದ್ಯಾರ್ಥಿಗಳಿಂದ ಸಿಗುತ್ತಿದ್ದ ಅಭಿಪ್ರಾಯಗಳು ಉತ್ತಮವಾಗಿದ್ದವು, ಕಠಿಣ ಲೆಕ್ಕಗಳನ್ನೂ ವಿದ್ಯಾರ್ಥಿಗಳು ಬಿಡಿಸುತ್ತಿದ್ದರು. ಅರಿಜೋನಾದ ಸಮಸ್ಯೆ ಹಾರ್ವರ್ಡಿನದಲ್ಲ ಎಂಬ ನಂಬಿಕೆಯಲ್ಲಿಯೇ ಅವರು ಅಲ್ಲಿನ ಪ್ರಶ್ನೆಗಳನ್ನು ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟರು. ಆಗ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದ ಪ್ರಶ್ನೆಯನ್ನು ಮಜೂರ್ ಮುಂದೆ ನೂರಾರು ವೇದಿಕೆಗಳಲ್ಲಿ ನೆನೆದಿದ್ದಾರೆ: ಉತ್ತರವನ್ನು ನೀವು ಕಲಿಸಿದಂತೆ ಬರೆಯಬೇಕೋ, ನಾನು ಯೋಚಿಸುವಂತೆ ಬರೆಯಬೇಕೋ ಎಂದು ಆಕೆ ತಿಳಿಯಬಯಸಿದ್ದಳು. ತರಗತಿಯ ಭೌತವಿಜ್ಞಾನ ಮತ್ತು ಬದುಕಿನ ಭೌತವಿಜ್ಞಾನ ಎಂಬ ಎರಡು ಲೋಕಗಳನ್ನು ಆ ಹುಡುಗಿ ತಲೆಯಲ್ಲಿ ಬೇರೆಬೇರೆಯಾಗಿ ಇಟ್ಟುಕೊಂಡಿದ್ದಳು. ಒಂದರ ಸುದ್ದಿ ಇನ್ನೊಂದಕ್ಕೆ ತಲುಪಿರಲಿಲ್ಲ.

ಫಲಿತಾಂಶ ಅವರ ನಂಬಿಕೆಯನ್ನು ಅಲುಗಾಡಿಸಿತು. ಖಚಿತಪಡಿಸಿಕೊಳ್ಳಲು ಅವರು ವಿದ್ಯುತ್ ಮಂಡಲದ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೊಟ್ಟು ನೋಡಿದರು. ಒಂದು ಕಿರ್ಚಾಫ್ ನಿಯಮ ಬಳಸಿ ಬಿಡಿಸುವ ಉದ್ದದ ಲೆಕ್ಕ, ಇನ್ನೊಂದು ಸ್ವಿಚ್ ಒತ್ತಿದರೆ ಯಾವ ಬಲ್ಬಿನ ಬೆಳಕು ಏನಾಗುತ್ತದೆ ಎಂಬ ಸರಳ ಪ್ರಶ್ನೆ. ಲೆಕ್ಕವನ್ನು ಲೀಲಾಜಾಲವಾಗಿ ಬಿಡಿಸಿದ ಎಷ್ಟೋ ಮಂದಿ ಬಲ್ಬಿನ ಮುಂದೆ ತಡವರಿಸಿದರು.

ಪರಿಹಾರ ಯೋಜನೆ ಹಾಕಿ ಹೊಳೆದದ್ದಲ್ಲ. ಅರಿಜೋನಾದ ಆ ಪರೀಕ್ಷೆಯ ಒಂದು ಪ್ರಶ್ನೆಯನ್ನು ಮಜೂರ್ ತರಗತಿಯಲ್ಲಿ ಬಿಡಿಸಿ ಹೇಳಲು ಹೋದರು. ಒಂದು ಸಲ ಹೇಳಿದರು, ಇನ್ನೊಂದು ರೀತಿಯಲ್ಲಿ ಹೇಳಿದರು. ಮುಖಗಳಲ್ಲಿ ಗೊಂದಲ ಹಾಗೇ ಇತ್ತು. ಅರ್ಧದಷ್ಟು ಮಂದಿಗೆ ಸರಿಯುತ್ತರ ಗೊತ್ತಿದೆ ಎಂಬುದು ಅವರಿಗೆ ತಿಳಿದಿತ್ತು. ದಾರಿ ಕಾಣದೆ, ಪಕ್ಕದಲ್ಲಿ ಕೂತವರ ಜೊತೆ ಚರ್ಚಿಸಿ ಎಂದುಬಿಟ್ಟರು. ಸಭಾಂಗಣವೇ ಗದ್ದಲದಿಂದ ತುಂಬಿತು. ಅವರು ಹತ್ತು ನಿಮಿಷದಲ್ಲಿ ತಿಳಿಸಲಾಗದ್ದನ್ನು ವಿದ್ಯಾರ್ಥಿಗಳು ಎರಡು-ಮೂರು ನಿಮಿಷದಲ್ಲಿ ಪರಸ್ಪರ ತಿಳಿಸಿಕೊಂಡಿದ್ದರು. ಇದಕ್ಕೆ ಮಜೂರ್ ಕೊಡುವ ಕಾರಣ ಪ್ರತಿಯೊಬ್ಬ ಅಧ್ಯಾಪಕರೂ ಗಮನಿಸಬೇಕಾದದ್ದು. ವಿಷಯವನ್ನು ಎಂದೋ ಕಲಿತ ಮೇಷ್ಟರಿಗೆ ಹೊಸಬರು ಎಲ್ಲಿ ಎಡವುತ್ತಾರೆಂಬುದು ಮರೆತುಹೋಗಿರುತ್ತದೆ. ಐದು ನಿಮಿಷದ ಹಿಂದೆ ಅರ್ಥಮಾಡಿಕೊಂಡ ಗೆಳೆಯನಿಗೆ ತಾನು ಎಡವಿದ ಕಲ್ಲು ಇನ್ನೂ ನೆನಪಿರುತ್ತದೆ.

ಇದರಿಂದ ಒಂದು ಕ್ರಮ ರೂಪುಗೊಂಡಿತು. ಅಧ್ಯಾಪಕರು ಹತ್ತು ನಿಮಿಷದ ಒಳಗೆ ಒಂದು ವಿಚಾರ ವಿವರಿಸುತ್ತಾರೆ. ಆಮೇಲೆ ಬಹು ಆಯ್ಕೆಯ ಒಂದು ಪ್ರಶ್ನೆ. ವಿದ್ಯಾರ್ಥಿಗಳು ಒಂದೆರಡು ನಿಮಿಷ ಯಾರೊಂದಿಗೂ ಮಾತಾಡದೆ ಯೋಚಿಸಿ ಉತ್ತರ ಒಪ್ಪಿಸಬೇಕು. ಸರಿಯುತ್ತರ ಕೊಟ್ಟವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆಯಿದ್ದರೆ ವಿಷಯವನ್ನು ಮತ್ತೆ ವಿವರಿಸಬೇಕು. ಶೇ 70 ದಾಟಿದ್ದರೆ ಮುಂದಕ್ಕೆ ಹೋಗಬಹುದು. ಇವೆರಡರ ನಡುವೆ ಇದ್ದಾಗಲೇ ಚರ್ಚೆಗೆ ಕಳೆ. ಬೇರೆ ಉತ್ತರ ಕೊಟ್ಟ ನೆರೆಯವರನ್ನು ಹುಡುಕಿ ಒಪ್ಪಿಸಲು ಯತ್ನಿಸಿ ಎನ್ನುತ್ತಾರೆ ಅಧ್ಯಾಪಕರು. ನಂತರ ಮತ್ತೊಮ್ಮೆ ಉತ್ತರ, ಕೊನೆಗೆ ವಿವರಣೆ. ‘ಪೀರ್ ಇನ್‌ಸ್ಟ್ರಕ್ಷನ್’ ಎಂದು ಹೆಸರಾದ ಈ ವಿಧಾನದ ಬಗ್ಗೆ ಮಜೂರ್ 1997ರಲ್ಲಿ ಅದೇ ಹೆಸರಿನ ಪುಸ್ತಕ ಬರೆದರು. ವಿಧಾನ ಬದಲಾದ ಮೊದಲ ವರ್ಷವೇ ಅವರ ವಿದ್ಯಾರ್ಥಿಗಳ ಪ್ರಗತಿ ಹಿಂದಿನದರ ಸುಮಾರು ಎರಡು ಪಟ್ಟಾಗಿತ್ತು. ಲೆಕ್ಕ ಬಿಡಿಸಲು ತರಗತಿಯಲ್ಲಿ ಮೀಸಲಿಟ್ಟ ಹೊತ್ತು ಕಡಿಮೆಯಾದರೂ ಲೆಕ್ಕದಲ್ಲಿ ಅವರು ಹಿಂದೆ ಬೀಳಲಿಲ್ಲ. ಅಂಕ ಕುಸಿದೀತೆಂಬ ಭಯದಿಂದ ಹೊಸದಕ್ಕೆ ಕೈಹಾಕದವರು ಈ ಕೊನೆಯ ಸಂಗತಿಯನ್ನು ಎರಡು ಸಲ ಓದಬೇಕು.

ಕರ್ನಾಟಕದ ಯಾವುದೇ ಪದವಿ ಕಾಲೇಜಿನ ತರಗತಿಯನ್ನು ನೆನಪಿಸಿಕೊಳ್ಳಿ. ಅಧ್ಯಾಪಕರು ಬೋರ್ಡಿನ ತುಂಬ ಡಿರೈವೇಷನ್ ಬರೆದು ತಿರುಗಿ ‘ಅರ್ಥವಾಯ್ತಾ?’ ಎನ್ನುತ್ತಾರೆ. ಮುಂದಿನ ಬೆಂಚುಗಳಿಂದ ‘ಹೂಂ ಸರ್’ ಎಂಬ ದನಿ ಬರುತ್ತದೆ. ಹಿಂದಿನ ಬೆಂಚುಗಳು ನೋಟ್ಸ್ ಇಳಿಸಿಕೊಳ್ಳುವುದರಲ್ಲಿ ಮುಳುಗಿರುತ್ತವೆ. ಈ ಕೇಳಿಕೆ ಸಭ್ಯವಾದದ್ದೇ, ಆದರೆ ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅರ್ಥವಾಗಿಲ್ಲವೆಂದು ಎಲ್ಲರ ಮುಂದೆ ಒಪ್ಪಿಕೊಳ್ಳಲು ಧೈರ್ಯ ಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಅರ್ಥವಾಗಿಲ್ಲ ಎಂಬುದೇ ಅರ್ಥವಾಗಿರುವುದಿಲ್ಲ. ನಿಜ ಗೊತ್ತಾಗುವುದು ಸೆಮಿಸ್ಟರ್ ಪರೀಕ್ಷೆಯಲ್ಲಿ. ಆಗ ತಿದ್ದಲು ಸಮಯ ಉಳಿದಿರುವುದಿಲ್ಲ. ವಿದ್ಯಾರ್ಥಿ ಮುಂದಿನ ಸೆಮಿಸ್ಟರಿಗೆ, ಇಲ್ಲವೇ ಬ್ಯಾಕ್‌ಲಾಗ್ ಪಟ್ಟಿಗೆ ಹೋಗಿರುತ್ತಾನೆ.

ಹಾರ್ವರ್ಡಿನಲ್ಲಿ ನಡೆದದ್ದು ಇಲ್ಲಿ ನಡೆದೀತೇ ಎಂಬ ಅನುಮಾನ ಸಹಜ. ಅದಕ್ಕೆ ಮೊದಲ ಉತ್ತರ ಸಂಖ್ಯೆಗಳಲ್ಲಿದೆ. ಇಂಡಿಯಾನಾ ವಿಶ್ವವಿದ್ಯಾಲಯದ ರಿಚರ್ಡ್ ಹೇಕ್ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ 62 ಕೋರ್ಸುಗಳಿಂದ 6,542 ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟುಮಾಡಿ 1998ರಲ್ಲಿ ಪ್ರಕಟಿಸಿದರು. ಕೋರ್ಸಿಗೆ ಮೊದಲು ಗೊತ್ತಿಲ್ಲದ್ದರಲ್ಲಿ ಎಷ್ಟು ಪಾಲು ಕಲಿತರು ಎಂಬುದು ಅವರ ಅಳತೆಗೋಲು. ಬರೀ ಉಪನ್ಯಾಸ ನಡೆದ 14 ಕೋರ್ಸುಗಳಲ್ಲಿ ಅದು ಸರಾಸರಿ ಶೇ 23. ವಿದ್ಯಾರ್ಥಿಗಳು ಯೋಚಿಸಿ, ಮಾತಾಡಿ, ಅಲ್ಲೇ ತಿದ್ದಿಕೊಳ್ಳುತ್ತಿದ್ದ 48 ಕೋರ್ಸುಗಳಲ್ಲಿ ಶೇ 48. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರ 2014ರ ವರದಿಯೂ ಇದನ್ನೇ ಹೇಳಿತು. ಬರೀ ಉಪನ್ಯಾಸದ ತರಗತಿಗಳಲ್ಲಿ ಫೇಲಾದವರು ಸುಮಾರು ಶೇ 34, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ ತರಗತಿಗಳಲ್ಲಿ ಸುಮಾರು ಶೇ 22.

ಆದರೆ ಈ ಎಲ್ಲ ಹೋಲಿಕೆಗಳಿಗಿಂತ ಹೆಚ್ಚು ಮನಸ್ಸಿಗೆ ನಾಟುವುದು ಕೆನಡಾದ ಒಂದೇ ಒಂದು ವಾರದ ಪ್ರಯೋಗ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಮುಂದೆ ಕಾಲೇಜು ಬೋಧನೆಯ ಸಂಶೋಧನೆಗೆ ತಮ್ಮನ್ನು ತೊಡಗಿಸಿಕೊಂಡರು. ಅವರ ತಂಡ ಈ ಪ್ರಯೋಗ ನಡೆಸಿದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದೇ ಕೋರ್ಸಿನ ಎರಡು ವಿಭಾಗಗಳಿದ್ದವು. ಒಂದೊಂದರಲ್ಲೂ 260ಕ್ಕಿಂತ ಹೆಚ್ಚು ಮಂದಿ. ವಿದ್ಯುತ್ಕಾಂತೀಯ ತರಂಗಗಳ ಪಾಠವನ್ನು ಒಂದು ವಿಭಾಗದಲ್ಲಿ ಬಹಳ ಅನುಭವಿ, ವಿದ್ಯಾರ್ಥಿಗಳ ಮೆಚ್ಚುಗೆ ಗಳಿಸಿದ್ದ ಪ್ರಾಧ್ಯಾಪಕರು ಉಪನ್ಯಾಸದಿಂದ ಮಾಡಿದರು. ಇನ್ನೊಂದರಲ್ಲಿ ಅಷ್ಟೇನೂ ಪಾಠ ಮಾಡಿ ಗೊತ್ತಿಲ್ಲದ, ಆದರೆ ಹೊಸ ವಿಧಾನದಲ್ಲಿ ತರಬೇತಾದ ಕಿರಿಯ ಸಂಶೋಧಕರು ಪ್ರಶ್ನೆ, ಗುಂಪು ಚರ್ಚೆ, ತಕ್ಷಣದ ವಿವರಣೆಗಳಿಂದ ಮಾಡಿದರು. ವಾರದ ಕೊನೆಗೆ ಎರಡೂ ಕಡೆ ಒಂದೇ ಪರೀಕ್ಷೆ. ಅನುಭವಿ ಪ್ರಾಧ್ಯಾಪಕರ ವಿಭಾಗದ ಸರಾಸರಿ ಶೇ 41, ಕಿರಿಯರ ವಿಭಾಗದ್ದು ಶೇ 74. ಹಾಜರಾತಿಯೂ ಏರಿತು. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಬಂದಾಗ, ಒಂದು ವಾರದ ಫಲಿತಾಂಶದ ಮೇಲೆ ಎಷ್ಟು ಭಾರ ಹೇರಬಹುದು ಎಂಬ ತಕರಾರು ಬಂತು, ಅದು ನ್ಯಾಯವಾದದ್ದೇ. ಆದರೂ ಒಳ್ಳೆಯ ಮಾತುಗಾರರಾದರೆ ಒಳ್ಳೆಯ ಅಧ್ಯಾಪಕರಾದಂತೆ ಎಂಬ ಹಳೆಯ ಭರವಸೆ ಇದರ ಮುಂದೆ ನಿಲ್ಲುವುದು ಕಷ್ಟ.

ಆ ಭರವಸೆಯನ್ನು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಶಾನಾ ಕಾರ್ಪೆಂಟರ್ 2013ರಲ್ಲಿ ನೇರವಾಗಿಯೇ ಪರೀಕ್ಷಿಸಿದ್ದರು. ಮೂರು ಬಣ್ಣದ ಬೆಕ್ಕುಗಳು ಬಹುತೇಕ ಹೆಣ್ಣೇ ಆಗಿರುವುದೇಕೆ ಎಂಬ ಪುಟ್ಟ ಪಾಠ. ಒಂದು ವಿಡಿಯೊದಲ್ಲಿ ಶಿಕ್ಷಕಿ ವಿದ್ಯಾರ್ಥಿಗಳತ್ತ ನೋಡುತ್ತ ನಿರರ್ಗಳವಾಗಿ ಹೇಳುತ್ತಾಳೆ. ಇನ್ನೊಂದರಲ್ಲಿ ಅದೇ ಶಿಕ್ಷಕಿ ಅವೇ ವಾಕ್ಯಗಳನ್ನು ಕಾಗದ ನೋಡಿಕೊಂಡು ತಡವರಿಸುತ್ತ ಓದುತ್ತಾಳೆ. ಮೊದಲನೆಯದನ್ನು ನೋಡಿದವರಿಗೆ ತಾವು ಹೆಚ್ಚು ಕಲಿತೆವೆಂಬ ವಿಶ್ವಾಸ. ಪರೀಕ್ಷೆಯಲ್ಲಿ ನೆನಪಿಟ್ಟದ್ದು ಮಾತ್ರ ಎರಡೂ ಗುಂಪಿನವರು ಅಷ್ಟಷ್ಟೇ.

ಹಾಗೆಂದು ಉಪನ್ಯಾಸವನ್ನೇ ಮೂಲೆಗೆ ತಳ್ಳಬೇಕೆಂದು ಯಾರೂ ಹೇಳುತ್ತಿಲ್ಲ. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದ ಡಾ. ಎಚ್. ನರಸಿಂಹಯ್ಯ 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬದುಕಿದ್ದೇ ಉಪನ್ಯಾಸಗಳ ಮೇಲೆ. ಆದರೆ ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದವರೂ ಅವರೇ. ಉಪನ್ಯಾಸ ಯಾವಾಗ ಬರುತ್ತದೆ ಎಂಬುದೇ ಮುಖ್ಯ. ತಲೆಯಲ್ಲಿ ಪ್ರಶ್ನೆಯೊಂದು ಕೊರೆಯುತ್ತಿರುವಾಗ ಬಂದ ವಿವರಣೆ ಮಣ್ಣಿಗಿಳಿದ ಮಳೆಯಂತೆ ಇಂಗುತ್ತದೆ. ಹಾರ್ವರ್ಡಿನಲ್ಲಿ ಕ್ಯಾಥರೀನ್ ಕ್ರೌಚ್, ಮಜೂರ್ ಮತ್ತು ಸಂಗಡಿಗರು 2004ರಲ್ಲಿ ಪ್ರಾತ್ಯಕ್ಷಿಕೆಗಳನ್ನು ಒರೆಗೆ ಹಚ್ಚಿದರು. ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳು ಅದನ್ನು ನೋಡದವರಿಗಿಂತ ಹೆಚ್ಚೇನೂ ಅರ್ಥಮಾಡಿಕೊಂಡಿರಲಿಲ್ಲ. ಪ್ರಯೋಗಕ್ಕೆ ಮೊದಲು, ಏನಾಗಬಹುದೆಂದು ಊಹಿಸಿ ಹೇಳಿ ಎಂದು ಎರಡು ನಿಮಿಷ ಕೊಟ್ಟಾಗ ವ್ಯತ್ಯಾಸ ಎದ್ದು ಕಂಡಿತು. ಊಹೆ ತಪ್ಪಾದಾಗಲೇ ಕಣ್ಣು ಅರಳುವುದು. ಭೌತವಿಜ್ಞಾನ ಮಾತ್ರವಲ್ಲ, ಇತಿಹಾಸದ ಅಧ್ಯಾಪಕರೂ ಒಂದು ಶಾಸನ ಓದಿಸುವ ಮೊದಲು, ಅರ್ಥಶಾಸ್ತ್ರದವರು ಒಂದು ಬೆಲೆ ಏರಿಕೆಯ ಪರಿಣಾಮ ವಿವರಿಸುವ ಮೊದಲು, ಇದೇ ಎರಡು ನಿಮಿಷ ಕೊಡಬಹುದು.

ನಮ್ಮಲ್ಲಿ ವಿದ್ಯಾರ್ಥಿಗಳ ಪರಸ್ಪರ ಚರ್ಚೆಗೆ ಇನ್ನೊಂದು ಬಲವಿದೆ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಪದವಿಯಲ್ಲಿ ಏಕಾಏಕಿ ಇಂಗ್ಲಿಷ್ ಪಠ್ಯಕ್ಕೆ ಬಿದ್ದ ಹುಡುಗ ಹುಡುಗಿಯರು ಅಧ್ಯಾಪಕರ ಮುಂದೆ ಬಾಯಿ ತೆರೆಯುವುದಿಲ್ಲ. ಇಂಗ್ಲಿಷಿನಲ್ಲಿ ಕೇಳಬೇಕೆಂಬ ಅಳುಕೇ ಪ್ರಶ್ನೆಯನ್ನು ನುಂಗಿಬಿಡುತ್ತದೆ. ಪಕ್ಕದವಳ ಜೊತೆ ಮಾತಾಡು ಎಂದರೆ ಆ ಮಾತು ಕನ್ನಡದಲ್ಲಿ ನಡೆಯುತ್ತದೆ, ಕಲಬುರಗಿಯಲ್ಲಿ ಅಲ್ಲಿನ ಕನ್ನಡದಲ್ಲಿ, ಪುತ್ತೂರಿನಲ್ಲಿ ತುಳುವಿನಲ್ಲೂ. ‘ಆಕ್ಸಿಲರೇಷನ್ ಜಾಸ್ತಿ ಕಣೇ, ಫೋರ್ಸ್ ಅಷ್ಟೇ’ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವಾಗ ಆಗುವ ಕಲಿಕೆಗೆ ಯಾವ ನೋಟ್ಸೂ ಸಮವಲ್ಲ. ಜಾಣರ ಉತ್ತರವನ್ನು ಉಳಿದವರು ಕದಿಯುತ್ತಾರೆ, ಅಷ್ಟೇ ಎಂದು ದೂರುವವರಿಗೆ ಕೊಲರಾಡೊ ವಿಶ್ವವಿದ್ಯಾಲಯದ ಜೀವವಿಜ್ಞಾನಿಗಳ 2009ರ ಅಧ್ಯಯನ ಉತ್ತರ ಕೊಟ್ಟಿದೆ. ಮಿಷೆಲ್ ಸ್ಮಿತ್ ಮತ್ತು ಸಂಗಡಿಗರು ಚರ್ಚೆಯ ನಂತರ ಅದೇ ತತ್ವದ ಬೇರೆ ಪ್ರಶ್ನೆಯನ್ನು ಒಬ್ಬೊಬ್ಬರಿಗೇ ಕೊಟ್ಟು ನೋಡಿದಾಗಲೂ ಸರಿಯುತ್ತರಗಳು ಹೆಚ್ಚಿದ್ದವು. ಗುಂಪಿನಲ್ಲಿ ಮೊದಲಿಗೆ ಯಾರಿಗೂ ಉತ್ತರ ಗೊತ್ತಿರದಿದ್ದ ಕಡೆಯೂ ಮಾತಾಡುತ್ತ ಮಾತಾಡುತ್ತ ದಾರಿ ಕಂಡುಕೊಂಡವರಿದ್ದರು.

ಭಾರತದ ದೊಡ್ಡ ತರಗತಿಯಲ್ಲೂ ಇದು ನಡೆದಿದೆ. ಮುಂಬೈ ಐಐಟಿಯಲ್ಲಿ ನೂರಾರು ವಿದ್ಯಾರ್ಥಿಗಳು ಒಟ್ಟಿಗೆ ಕೂರುವ ಪ್ರೋಗ್ರಾಮಿಂಗ್ ಕೋರ್ಸಿನಲ್ಲಿ ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಜೋಡಿಯಾಗಿ, ಕೊನೆಗೆ ಇಡೀ ತರಗತಿಯಾಗಿ ಚರ್ಚಿಸುವ ವಿಧಾನವನ್ನು ಹತ್ತು ವಾರ ಗಮನಿಸಿದರು. 2013ರಲ್ಲಿ ಪ್ರಕಟವಾದಂತೆ, ಆ ಚಟುವಟಿಕೆಗಳ ಹೊತ್ತಿನಲ್ಲಿ ಸರಾಸರಿ ಶೇ 83ರಷ್ಟು ತೊಡಗುವಿಕೆ ಕಂಡುಬಂತು. ಇದಕ್ಕೆ ದುಬಾರಿ ಸಲಕರಣೆ ಬೇಕೆಂದೂ ಇಲ್ಲ. ಉತ್ತರ ಒಪ್ಪಿಸಲು ‘ಕ್ಲಿಕ್ಕರ್’ ಎಂಬ ಎಲೆಕ್ಟ್ರಾನಿಕ್ ಸಾಧನ ಬಳಸಿದ ತರಗತಿಯನ್ನೂ, ಎ, ಬಿ, ಸಿ, ಡಿ ಬರೆದ ರಟ್ಟಿನ ಕಾರ್ಡು ಎತ್ತಿ ಹಿಡಿದ ತರಗತಿಯನ್ನೂ ಮಾಂಟ್ರಿಯಲ್‌ನ ನಥಾನಿಯಲ್ ಲಾಸ್ರಿ ಹೋಲಿಸಿದರು. ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ.

ಇನ್ನು ಇಂಟರ್ನಲ್ಸ್ ವಿಚಾರ. ಕರ್ನಾಟಕದ ಪದವಿ ಕಾಲೇಜುಗಳಲ್ಲಿ 2021ರ ಹೊಸ ಪಠ್ಯಕ್ರಮದೊಂದಿಗೆ ಆಂತರಿಕ ಮೌಲ್ಯಮಾಪನಕ್ಕೆ 40 ಅಂಕ ಬಂತು. 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದಾಗ ಅದು 20ಕ್ಕೆ ಇಳಿಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇದು 50. ವಾದವೆಲ್ಲ ನಡೆದದ್ದು ಎಷ್ಟು ಅಂಕ ಎಂಬುದರ ಮೇಲೆ. ಬ್ಲೂ ಬುಕ್ ತಿದ್ದಿ ಕೊಟ್ಟ ಮೇಲೆ ವಿದ್ಯಾರ್ಥಿ ಅದರಿಂದ ಏನು ಕಲಿತ ಎಂಬ ಮಾತು ಹಿಂದೆ ಉಳಿಯಿತು. ಕೆಂಪು ಶಾಯಿಯ ಒಂದು ಅಂಕಿ, ಒಂದು ಸಹಿ, ಹೆಚ್ಚೆಂದರೆ ‘ಇಂಪ್ರೂವ್’ ಎಂಬ ಒಂದು ಪದ. ಏನನ್ನು, ಹೇಗೆ ಸುಧಾರಿಸಬೇಕೆಂದು ಹೇಳದ ಆ ಪದದಿಂದ ಯಾರೂ ಸುಧಾರಿಸಲಾರರು. ಸೆಮಿಸ್ಟರ್ ಪರೀಕ್ಷೆಯ ಉತ್ತರ ಪತ್ರಿಕೆಯಂತೂ ಶುಲ್ಕ ಕಟ್ಟಿ ಛಾಯಾಪ್ರತಿ ತರಿಸಿಕೊಂಡರಷ್ಟೇ ಕಣ್ಣಿಗೆ ಕಾಣುವುದು.

ಟಿಪ್ಪಣಿ ಹೇಗಿರಬೇಕೆಂಬುದೂ ಸಣ್ಣ ವಿಷಯವಲ್ಲ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನೀಸಿ 1996ರಲ್ಲಿ ನೂರಾರು ಫಲಿತಾಂಶಗಳನ್ನು ಕೂಡಿಸಿ ನೋಡಿದಾಗ, ಹಿಮ್ಮಾಹಿತಿಯಿಂದ ಸರಾಸರಿಯಲ್ಲಿ ಲಾಭವಿದ್ದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಸಾಧನೆ ಕುಸಿದಿತ್ತು. ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆ ತಿರುಗಿದಷ್ಟೂ ಹಾನಿ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳೊಂದಿಗೆ ನಡೆಸಿದ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಸಲ ಸುಧಾರಿಸಿದರು. ಬರೀ ಅಂಕ ಪಡೆದವರು ಸುಧಾರಿಸಲಿಲ್ಲ. ಅಂಕ, ಟಿಪ್ಪಣಿ ಎರಡೂ ಪಡೆದವರಿಗೂ ಆ ಲಾಭ ಸಿಗಲಿಲ್ಲ, ಅಂಕ ಕಂಡ ಮೇಲೆ ಟಿಪ್ಪಣಿ ಕೆಲಸ ಮಾಡಲಿಲ್ಲ. ಬ್ಲೂ ಬುಕ್ಕಿನಲ್ಲಿ ಮೊದಲು ಎರಡು ಸಾಲು ಬರೆದು ಕೊಟ್ಟು, ಅಂಕವನ್ನು ಒಂದೆರಡು ದಿನ ತಡವಾಗಿ ಪ್ರಕಟಿಸಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಅರವತ್ತು ಪುಸ್ತಕಗಳಿಗೆ ಎರಡೆರಡು ಸಾಲು ಬರೆಯಲು ಹೊತ್ತಿಲ್ಲವೆಂದರೆ, ಹೆಚ್ಚು ಮಂದಿ ಮಾಡಿದ ಮೂರು ತಪ್ಪುಗಳನ್ನು ಬೋರ್ಡಿನ ಮೇಲೆ ಬರೆದು ಅವುಗಳ ಬಗ್ಗೆಯೇ ಕಾಲು ಗಂಟೆ ಮಾತಾಡಬಹುದು.

ಇನ್ನೂ ಸುಲಭದ್ದೊಂದಿದೆ. ಪಾಠದ ಕೊನೆಯ ನಿಮಿಷದಲ್ಲಿ ವಿದ್ಯಾರ್ಥಿಗಳು ಚೀಟಿಯಲ್ಲಿ ಹೆಸರಿಲ್ಲದೆ ಎರಡು ಸಂಗತಿ ಬರೆಯುತ್ತಾರೆ: ಇವತ್ತು ತಿಳಿದದ್ದರಲ್ಲಿ ಮುಖ್ಯವಾದದ್ದೇನು, ತಿಳಿಯದೆ ಉಳಿದದ್ದೇನು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಳಕೆಗೆ ಬಂದ ಈ ಪದ್ಧತಿಯನ್ನು ಹಾರ್ವರ್ಡಿನ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ಟೆಲರ್ ಕೂಡ ತಮ್ಮದೇ ರೀತಿಯಲ್ಲಿ ಬಳಸಿದ್ದರು. ಕನ್ನಡದಲ್ಲಿ ಬರೆಯಿರಿ ಎಂದರೆ ಚೀಟಿಗಳು ಇನ್ನೂ ನಿಜ ಹೇಳುತ್ತವೆ.

ಪರೀಕ್ಷೆಯೇ ಕಲಿಸುತ್ತದೆ ಎಂಬುದಕ್ಕೂ ಆಧಾರವಿದೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಕಂಡದ್ದಿದು: ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ, ಒಂದು ಸಲ ಓದಿ ಆಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರ ಅಂಕ ಶೇ 61, ಓದುತ್ತಲೇ ಇದ್ದವರದು ಶೇ 40. ಪರೀಕ್ಷೆಯ ಹಿಂದಿನ ರಾತ್ರಿಯ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಓದು ಮರುದಿನ ಪಾಸು ಮಾಡಿಸುವುದೂ, ಮುಂದಿನ ಸೆಮಿಸ್ಟರಿನಲ್ಲಿ ಕೈಕೊಡುವುದೂ ಇದರಿಂದ ಅರ್ಥವಾಗುತ್ತದೆ. ವಾರಕ್ಕೊಂದು, ಅಂಕವಿಲ್ಲದ, ಹತ್ತು ನಿಮಿಷದ ಕ್ವಿಜ್ ಇದಕ್ಕೆ ಒಳ್ಳೆಯ ಮದ್ದು.

ಇದೆಲ್ಲ ವಿದ್ಯಾರ್ಥಿಗಳಿಗೆ ಹಿಡಿಸುತ್ತದೆಯೇ? ಮೊದಮೊದಲು ಇಲ್ಲ. ಹಾರ್ವರ್ಡಿನಲ್ಲಿ ಲೂಯಿ ಡೆಲೋರಿಯೇ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಲೆಕೆಡಿಸಿಕೊಂಡು ಲೆಕ್ಕ ಬಿಡಿಸಿದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವೆಂದು ಭಾವಿಸಿದ್ದರು. ಸರಾಗವಾದ ಉಪನ್ಯಾಸ ಕೇಳಿದವರ ಅನುಭವ ಇದಕ್ಕೆ ತದ್ವಿರುದ್ಧ. ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಫಾರ್ಮನ್ನೇ ನೆಚ್ಚಿ ಅಧ್ಯಾಪಕರನ್ನು ಅಳೆಯುವ ಕಾಲೇಜುಗಳು ಒಳ್ಳೆಯ ಪ್ರಯತ್ನ ಮಾಡಿದವರನ್ನೇ ದಂಡಿಸುವ ಅಪಾಯವಿದೆ. ಇದಕ್ಕೆ ಪರಿಹಾರವೂ ಆ ಅಧ್ಯಯನದಲ್ಲಿದೆ. ತಡವರಿಕೆ ಕಲಿಕೆಯ ಲಕ್ಷಣ ಎಂದು ಸೆಮಿಸ್ಟರಿನ ಆರಂಭದಲ್ಲೇ ವಿದ್ಯಾರ್ಥಿಗಳಿಗೆ ವಿವರಿಸಿ ಹೇಳಬೇಕು.

ಅಧ್ಯಾಪಕರ ಕಷ್ಟವನ್ನು ಹಗುರವಾಗಿ ಕಾಣುವಂತಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಪಾಲು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಗೆ ಹೊಸ ವಿಧಾನ ಕಲಿಯಿರಿ ಎನ್ನುವುದು ಸುಲಭ, ಅದಕ್ಕೆ ಬೇಕಾದ ನೆಮ್ಮದಿ ಕೊಡುವುದು ಸರ್ಕಾರದ ಹೊಣೆ. ಪೋರ್ಷನ್ ಮುಗಿಸುವ ಒತ್ತಡವೂ ನಿಜ. ಮಜೂರ್ ಕಂಡುಕೊಂಡ ದಾರಿ, ಪುಸ್ತಕದಲ್ಲಿ ಇರುವುದನ್ನು ತರಗತಿಗೆ ಬರುವ ಮೊದಲೇ ಓದಿಕೊಂಡು ಬರಲು ಹೇಳಿ, ಓದಿದ್ದರಲ್ಲಿ ಕಷ್ಟವಾದದ್ದೇನೆಂದು ಕೇಳಿ, ಅಲ್ಲಿಂದ ಪಾಠ ಶುರುಮಾಡುವುದು. ಪರೀಕ್ಷೆಯಲ್ಲೂ ಅವರು ಲೆಕ್ಕಗಳ ಜೊತೆ ‘ಯಾಕೆ’ ಎಂಬ ಪ್ರಶ್ನೆಗಳನ್ನು ಸೇರಿಸಿದರು. ನಮ್ಮ ವಿಶ್ವವಿದ್ಯಾಲಯಗಳ ಪ್ರಶ್ನೆಪತ್ರಿಕೆಗಳು ವ್ಯಾಖ್ಯಾನ ಬರೆಯಿರಿ, ಟಿಪ್ಪಣಿ ಬರೆಯಿರಿ ಎಂಬಲ್ಲಿಗೇ ನಿಂತರೆ ತರಗತಿಯ ಚರ್ಚೆಯನ್ನು ವಿದ್ಯಾರ್ಥಿಗಳೇ ಕಾಲಹರಣ ಎನ್ನುತ್ತಾರೆ. ಪತ್ರಿಕೆಯ ಐದನೇ ಒಂದು ಭಾಗವನ್ನಾದರೂ ಬಾಯಿಪಾಠದಿಂದ ಉತ್ತರಿಸಲಾಗದ ಪ್ರಶ್ನೆಗಳಿಗೆ ಮೀಸಲಿಡುವ ತೀರ್ಮಾನವನ್ನು ಅಧ್ಯಯನ ಮಂಡಳಿಗಳು ಒಂದೇ ಸಭೆಯಲ್ಲಿ ತೆಗೆದುಕೊಳ್ಳಬಹುದು.

ಲಾಸ್ರಿ, ಮಜೂರ್ ಮತ್ತು ಜೆಸಿಕಾ ವಾಟ್ಕಿನ್ಸ್ 2008ರಲ್ಲಿ ಹಾರ್ವರ್ಡನ್ನೂ ಎರಡು ವರ್ಷದ ಒಂದು ಸಾಧಾರಣ ಕಾಲೇಜನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರು. ಪರಸ್ಪರ ಚರ್ಚಿಸಿ ಕಲಿತ ತರಗತಿಗಳಲ್ಲಿ, ಹಿಂದಿನ ತಳಪಾಯ ದುರ್ಬಲವಾಗಿದ್ದ ವಿದ್ಯಾರ್ಥಿಗಳ ಪ್ರಗತಿ, ಉಪನ್ಯಾಸದ ತರಗತಿಯಲ್ಲಿ ಕೂತ ಗಟ್ಟಿ ತಳಪಾಯದವರ ಪ್ರಗತಿಗೆ ಸಮನಾಗಿತ್ತು. ಕೋರ್ಸನ್ನು ನಡುವೆ ಬಿಟ್ಟುಹೋಗುವವರ ಸಂಖ್ಯೆ ಎರಡೂ ಕಡೆ ಇಳಿದಿತ್ತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳೇ ತುಂಬಿರುವ ತಾಲ್ಲೂಕು ಕೇಂದ್ರದ ಕಾಲೇಜುಗಳು ಮೊದಲು ಪ್ರಯೋಗಿಸಿ ನೋಡಬೇಕಾದ ವಿಧಾನವಿದು. ಆರಂಭಿಸಲು ವಾರದಲ್ಲಿ ಒಂದು ಪೀರಿಯಡ್, ಒಂದು ಒಳ್ಳೆಯ ಪ್ರಶ್ನೆ ಮತ್ತು ತಲೆಗೆ ನಾಲ್ಕರಂತೆ ರಟ್ಟಿನ ಕಾರ್ಡುಗಳು ಸಾಕು.